ಬೆಂಗಳೂರಿನಲ್ಲಿ ಮೊದಲ ಕೆಲಸ: ಆಫರ್ ಲೆಟರ್ ಕೈಗೆ ಬಂದ ದಿನದಿಂದ ಮೊದಲ ಆರು ತಿಂಗಳವರೆಗೆ

ಕಾಲೇಜಿನಲ್ಲಿ ಅಸೈನ್‌ಮೆಂಟ್ ಒಂದು ದಿನ ತಡವಾದರೆ ನಿಮ್ಮದೇ ಒಂದೆರಡು ಮಾರ್ಕು ಹೋಗುತ್ತಿತ್ತು, ಅಷ್ಟೇ. ಆಫೀಸಿನಲ್ಲಿ ನೀವು ಮಾಡುವ ಕೆಲಸಕ್ಕೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ನಿಮ್ಮದು ಮುಗಿದ ಮೇಲೆ ಅವರದು ಶುರು. ಹೊಸದಾಗಿ ಸೇರಿದವರಿಗೆ ಕಷ್ಟವಾಗುವುದು ಹೆಚ್ಚಾಗಿ ಇಲ್ಲೇ. ಬುದ್ಧಿ ಸಾಲದೆ ಒದ್ದಾಡಿದವರನ್ನು ನಾನು ನೋಡಿದ್ದು ಕಡಿಮೆ. ಗೊತ್ತಿಲ್ಲ ಎಂದು ಕೇಳಲು ಹಿಂಜರಿದು, ತಡವಾಗುತ್ತದೆ ಎಂದು ಹೇಳಲು ಹೆದರಿ ಒದ್ದಾಡಿದವರೇ ಜಾಸ್ತಿ. ಊರಿನಿಂದ ಬಂದವರಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿದವರಲ್ಲಿ ಈ ಹಿಂಜರಿಕೆ ಇನ್ನೂ ಹೆಚ್ಚು. ವರ್ಷಾ ವರ್ಷ ನಮ್ಮ ಟೀಮಿಗೆ ಬರುವ ಇಂಥ ಹುಡುಗ ಹುಡುಗಿಯರ ಪಕ್ಕ ಕೂತು ಕೆಲಸ ಮಾಡಿದ್ದೇನೆ. ಅವರಿಗೆ ಬಾಯಲ್ಲಿ ಹೇಳುತ್ತಾ ಬಂದಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಸೇರುವ ಮುಂಚೆ: ಕಾಗದಪತ್ರ

ಆಫರ್ ಲೆಟರ್ ಬಂದ ಕೂಡಲೇ ಎಲ್ಲರೂ ನೋಡುವುದು ಸಿಟಿಸಿ ಅಂಕಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದನ್ನು ಬಿಟ್ಟು ಉಳಿದ ಪುಟಗಳನ್ನೂ ಓದಿ. ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಎಷ್ಟು ತಿಂಗಳು? ಬಿಡುವಾಗ ನೋಟಿಸ್ ಪೀರಿಯಡ್ ಎಷ್ಟು? ಇಷ್ಟು ವರ್ಷದೊಳಗೆ ಬಿಟ್ಟರೆ ಹಣ ಕಟ್ಟಬೇಕು ಎನ್ನುವ ಬಾಂಡ್ ಇದೆಯಾ, ಇದ್ದರೆ ಎಷ್ಟು ವರ್ಷ, ಎಷ್ಟು ಹಣ? ವೇರಿಯಬಲ್ ಪೇ (ಕೆಲಸ ನೋಡಿ ಆಮೇಲೆ ಕೊಡುವ ಹಣ) ಎಂದು ಒಂದು ಭಾಗ ತೆಗೆದಿಟ್ಟಿದ್ದಾರಾ? ಅರ್ಥವಾಗದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಸಹಿ ಹಾಕುವ ಮುಂಚೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಹೆಸರಿನದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಮಂಜುನಾಥ ಬಿ' ಎಂದಿರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿರುತ್ತದೆ. ಪ್ಯಾನ್‌ನಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ. ಮುಂದೆ ಪಿಎಫ್ (ಭವಿಷ್ಯ ನಿಧಿ) ಖಾತೆಗೆ ಕೆವೈಸಿ, ಅಂದರೆ ಗುರುತಿನ ದಾಖಲೆಗಳ ಜೋಡಣೆ, ಮಾಡುವಾಗ ಇದೇ ಅಡ್ಡ ಬರುತ್ತದೆ. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಥರ ಇರುವಂತೆ ಊರಲ್ಲಿರುವಾಗಲೇ ಸರಿ ಮಾಡಿಸಿಕೊಳ್ಳಿ. ಆಧಾರ್‌ಗೆ ನಿಮ್ಮದೇ ಮೊಬೈಲ್ ನಂಬರ್ ಜೋಡಿಸಿರಲಿ. ಅಪ್ಪನ ಅಥವಾ ಅಣ್ಣನ ನಂಬರ್ ಇದ್ದರೆ ಪ್ರತಿ ಒಟಿಪಿಗೂ ಊರಿಗೆ ಫೋನ್ ಮಾಡಬೇಕಾಗುತ್ತದೆ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ತೆಗೆದುಕೊಳ್ಳಿ. 'ನಮ್ಮ ಹತ್ತಿರ ಇರಲಿ' ಎಂದರೆ ಒಪ್ಪಬೇಡಿ. ಕೆಲಸ ಕೊಡಲು ಹಣ ಕೇಳಿದರೆ, ಅದನ್ನು ಟ್ರೈನಿಂಗ್ ಫೀ ಅನ್ನಲಿ, ಲ್ಯಾಪ್‌ಟಾಪ್ ಡೆಪಾಸಿಟ್ ಅನ್ನಲಿ, ಅಲ್ಲಿಂದ ಎದ್ದು ಬನ್ನಿ. ಆನ್‌ಲೈನ್‌ನಲ್ಲಿ ಹಣ ಹೋಗಿಯೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಎಲ್ಲಿ ಇರುವುದು

ಫ್ರೆಂಡ್ಸ್ ಎಲ್ಲಿದ್ದಾರೆ ಎಂದು ನೋಡಿ ಪಿಜಿ ಹಿಡಿಯಬೇಡಿ. ಆಫೀಸ್ ಎಲ್ಲಿದೆ ಎಂದು ನೋಡಿ. ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ, ಗಂಟೆಯಲ್ಲೇ ಲೆಕ್ಕ ಹಾಕಬೇಕು.

ಆಫೀಸ್ ವೈಟ್‌ಫೀಲ್ಡ್ ಕಡೆ ಇದ್ದರೆ ಚಲ್ಲಘಟ್ಟದಿಂದ ಕಾಡುಗೋಡಿವರೆಗಿನ ನೇರಳೆ ಮಾರ್ಗದ ಮೆಟ್ರೋ ಹತ್ತಿರ ಎಲ್ಲಾದರೂ ಇರಬಹುದು. ಎಲೆಕ್ಟ್ರಾನಿಕ್ ಸಿಟಿಯಾದರೆ ಹಳದಿ ಮಾರ್ಗ. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಕೂತು ಬೆವರುವ ಪಾಡು ಎಷ್ಟೋ ಜನರಿಗೆ ತಪ್ಪಿದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರಿಗೆ ಹಸಿರು ಮಾರ್ಗವಿದೆ. ಬೆಳ್ಳಂದೂರು, ಮಾರತ್ತಹಳ್ಳಿ, ಮಾನ್ಯತಾ ಟೆಕ್ ಪಾರ್ಕ್ ಕಡೆ ಕೆಲಸವಿದ್ದರೆ ನನ್ನ ಸಲಹೆ ಒಂದೇ: ಮೊದಲ ಆರು ತಿಂಗಳು ನಡೆದು ಹೋಗುವಷ್ಟು ಹತ್ತಿರ, ಇಲ್ಲವೇ ಒಂದೇ ಬಸ್ಸಿನಲ್ಲಿ ಹೋಗುವ ಜಾಗದಲ್ಲಿ ಇರಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ದಿನಕ್ಕೆ ಮೂರು ಗಂಟೆ ರಿಂಗ್ ರೋಡಿನಲ್ಲಿ ಕಳೆದು ಬಂದವರಿಗೆ ಹೊಸ ಕೆಲಸ ಕಲಿಯಲು ತ್ರಾಣ ಉಳಿಯುವುದಿಲ್ಲ.

ಪಿಜಿ ನೋಡಲು ರಾತ್ರಿ ಊಟದ ಹೊತ್ತಿಗೆ ಹೋಗಿ. ಓನರ್ ಹೇಳುವುದಕ್ಕಿಂತ ಅಲ್ಲಿ ತಟ್ಟೆ ಹಿಡಿದು ನಿಂತವರು ಹೇಳುವುದನ್ನು ಕೇಳಿ. ನೀರು ಬರುತ್ತದಾ, ಬಿಸಿನೀರು ಎಷ್ಟು ಗಂಟೆವರೆಗೆ, ಬಿಡುವಾಗ ಅಡ್ವಾನ್ಸಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಈ ಪ್ರಶ್ನೆಗಳು ಮುಖ್ಯ. ಉತ್ತರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಸೇರುವ ಮುಂಚೆ ಒಂದು ಕೆಲಸದ ದಿನ, ಅದೇ ಹೊತ್ತಿಗೆ ಆಫೀಸ್‌ವರೆಗೆ ಹೋಗಿ ಬನ್ನಿ. ಭಾನುವಾರ ಹೋಗಿ ಬಂದರೆ ಏನೂ ಗೊತ್ತಾಗುವುದಿಲ್ಲ.

ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳು ಉಚಿತ. ಎಸಿ ವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ರಾತ್ರಿ ಪಾಳಿಯಿದ್ದರೆ ಹೆಣ್ಣುಮಕ್ಕಳನ್ನು ಕರೆತಂದು ಮನೆಗೆ ಬಿಡುವ ವಾಹನದ ವ್ಯವಸ್ಥೆ ಕಂಪನಿಯೇ ಮಾಡಬೇಕು. ಅದನ್ನು ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ. ತಿಂಗಳ ಕೊನೆ ಕೊನೆಗೆ ಸೇರಿದರೆ ಎಷ್ಟೋ ಕಂಪನಿಗಳಲ್ಲಿ ಆ ದಿನಗಳ ಸಂಬಳ ಮುಂದಿನ ತಿಂಗಳಿನ ಜೊತೆಗೇ ಬರುತ್ತದೆ. ಹಾಗಾಗಿ ಪಿಜಿ ಅಡ್ವಾನ್ಸ್ ಬಿಟ್ಟು ಒಂದೂವರೆ ತಿಂಗಳ ಖರ್ಚಿಗೆ ಆಗುವಷ್ಟು ಹಣ ಕೈಯಲ್ಲಿರಲಿ.

ಮೊದಲ ವಾರ

ಮೊದಲ ವಾರ ಬಹುತೇಕ ಏನೂ ನಡೆಯುವುದಿಲ್ಲ. ಫಾರಂ ತುಂಬುವುದು, ಐಡಿ ಕಾರ್ಡಿಗೆ ಫೋಟೋ, ಲ್ಯಾಪ್‌ಟಾಪ್ ಬರಲಿಲ್ಲ, ಬಂದರೂ ಆಕ್ಸೆಸ್ ಇಲ್ಲ. 'ನನ್ನನ್ನು ಯಾಕೆ ತಗೊಂಡರು' ಎಂದು ಅನ್ನಿಸುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ. ಸುಮ್ನೆ ಕೂರುವ ಬದಲು ಹಳೆಯ ರಿಪೋರ್ಟ್, ಹಳೆಯ ಮೇಲ್ ಓದಲು ಕೊಡಿ ಎಂದು ಕೇಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಯಾರು ಏನು ಮಾಡುತ್ತಾರೆ, ಯಾವ ವಿಷಯಕ್ಕೆ ಯಾರ ಹತ್ತಿರ ಹೋಗಬೇಕು ಎಂದು ಬರೆದುಕೊಳ್ಳಿ. ಆಫೀಸಿನವರು ಬಾಯಿ ತುಂಬ ಹೇಳುವ ಶಾರ್ಟ್ ಫಾರಂಗಳನ್ನೂ ಅದರಲ್ಲೇ ಬರೆಯಿರಿ. ಮೊದಲ ವಾರ 'ಇದು ಏನು' ಎಂದು ಕೇಳಿದರೆ ಎಲ್ಲರೂ ಖುಷಿಯಿಂದ ಹೇಳುತ್ತಾರೆ. ನಾಲ್ಕನೇ ತಿಂಗಳು ಅದನ್ನೇ ಕೇಳಲು ನಿಮಗೇ ಮುಜುಗರವಾಗುತ್ತದೆ.

ಐವತ್ತು ವರ್ಷದ ಮ್ಯಾನೇಜರ್ 'ಹೆಸರಿಟ್ಟೇ ಕರಿ' ಎಂದರೆ ನಾಲಿಗೆ ಏಳುವುದಿಲ್ಲ, ಅಲ್ವಾ? ಟೀಮಿನ ಉಳಿದವರು ಹೇಗೆ ಕರೆಯುತ್ತಾರೋ ಹಾಗೆ ಕರೆಯಿರಿ. ಒಂದು ವಾರ 'ಸರ್', 'ಮೇಡಂ' ಅಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸೆಕ್ಯೂರಿಟಿ ಅಣ್ಣ, ಹೌಸ್‌ಕೀಪಿಂಗ್ ಅಕ್ಕ ಇವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಇಡೀ ಬಿಲ್ಡಿಂಗ್‌ನಲ್ಲಿ ನಿಮ್ಮ ಜೊತೆ ಮೊದಲು ಕನ್ನಡದಲ್ಲಿ ನಕ್ಕು ಮಾತಾಡುವವರು ಹೆಚ್ಚಾಗಿ ಅವರೇ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ದಿನ ಇಸ್ತ್ರಿ ಮಾಡಿದ ಬಟ್ಟೆ, ಆಮೇಲೆ ಅಲ್ಲಿಯವರನ್ನು ನೋಡಿ.

ಕೇಳುವುದು ಮತ್ತು ತಿಳಿಸುವುದು

ಹಾವೇರಿ ಕಡೆಯ ಒಬ್ಬ ಹುಡುಗ ನಮ್ಮ ಟೀಮಿಗೆ ಬಂದಿದ್ದ. ಜಾಣ. ಒಂದು ಸೇಲ್ಸ್ ರಿಪೋರ್ಟ್ ತಾಳೆ ನೋಡಲು ಕೊಟ್ಟಿದ್ದೆವು. ಮೊದಲ ದಿನ ಸಂಜೆ ಕೇಳಿದರೆ 'ನಡೀತಿದೆ ಸರ್' ಎಂದ. ಎರಡನೇ ದಿನವೂ ಅದೇ ಉತ್ತರ. ಮೂರನೇ ದಿನ ಪಕ್ಕದಲ್ಲಿ ಕೂತು ನೋಡಿದರೆ, ಒಂದು ಡಿಪೋದ ಮೊತ್ತ ಹೊಂದುತ್ತಿರಲಿಲ್ಲ. ಅಷ್ಟೂ ಹೊತ್ತು ಅದೊಂದನ್ನೇ ಹಿಡಿದು ಕೂತಿದ್ದ. ಬಿಲ್ ದಿನಾಂಕದ ಬದಲು ಡಿಸ್ಪ್ಯಾಚ್ (ಸರಕು ಹೊರಟ) ದಿನಾಂಕ ಹಿಡಿದು ಕೂಡಿಸಬೇಕಿತ್ತು. ಗೊತ್ತಿದ್ದವರಿಗೆ ಅದು ಒಂದು ನಿಮಿಷದ ಮಾತು. ಅವನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅದು ಎಲ್ಲೂ ಬರೆದಿರಲಿಲ್ಲ.

ಆಫೀಸಿನ ಅರ್ಧ ವಿಷಯಗಳು ಹೀಗೇ ಇರುತ್ತವೆ. ಪುಸ್ತಕದಲ್ಲಿ ಇಲ್ಲ, ಗೂಗಲ್‌ನಲ್ಲಿ ಸಿಗುವುದಿಲ್ಲ, ಯಾರದೋ ತಲೆಯಲ್ಲಿವೆ. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಸಿಕ್ಕಿಹಾಕಿಕೊಂಡಾಗ ಒಂದು ಗಂಟೆ ಸ್ವಂತವಾಗಿ ಪ್ರಯತ್ನಿಸಿ. ಆ ಗಂಟೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂದು ಬರೆದಿಡಿ. ಆಮೇಲೂ ಆಗದಿದ್ದರೆ ಕೇಳಿ.

ಹೇಗೆ ಕೇಳುತ್ತೀರಿ ಎಂಬುದೂ ಮುಖ್ಯ. ಚಾಟ್‌ನಲ್ಲಿ 'ಹಾಯ್ ಸರ್' ಎಂದು ಹಾಕಿ ಅವರ ಉತ್ತರಕ್ಕೆ ಕಾಯುವುದು, ಆಮೇಲೆ 'ಒಂದು ಡೌಟ್ ಇತ್ತು' ಎನ್ನುವುದು, ಇದರಲ್ಲೇ ಅರ್ಧ ದಿನ ಹೋಗುತ್ತದೆ. ಅದರ ಬದಲು ಒಂದೇ ಸಲಕ್ಕೆ ಹೀಗೆ ಬರೆಯಿರಿ:

'ಮಾರ್ಚ್ ಸೇಲ್ಸ್ ಶೀಟ್‌ನಲ್ಲಿ ಮೈಸೂರು ಡಿಪೋದ ಮೊತ್ತ ಸಿಸ್ಟಮ್‌ನಲ್ಲಿ ಇರುವುದಕ್ಕಿಂತ 18,400 ರೂಪಾಯಿ ಕಡಿಮೆ ಬರುತ್ತಿದೆ. ವಾಪಸ್ ಬಂದ ಬಿಲ್‌ಗಳನ್ನು ಕಳೆದು ನೋಡಿದೆ, ಆಗಲೂ ಹೊಂದುತ್ತಿಲ್ಲ. ಕೂಡಿಸುವಾಗ ಯಾವ ದಿನಾಂಕ ಹಿಡಿಯಬೇಕು, ಬಿಲ್‌ದೋ ಡಿಸ್ಪ್ಯಾಚ್‌ದೋ?'

ಎಲ್ಲಿ ನಿಂತಿದೆ, ಏನು ಮಾಡಿ ನೋಡಿದೆ, ಏನು ಬೇಕು, ಮೂರೂ ಇದರಲ್ಲಿವೆ. ಓದಿದವರು ಮೀಟಿಂಗ್ ನಡುವೆಯೂ ಒಂದು ಪದದಲ್ಲಿ ಉತ್ತರ ಕೊಡಬಹುದು. ಬಂದ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ ಮಾತ್ರ ಜನರಿಗೆ ಬೇಸರವಾಗುತ್ತದೆ.

ದೊಡ್ಡವರು ಹೇಳುವಾಗ ಮರುಮಾತಾಡದೆ ತಲೆಯಾಡಿಸುವುದು ನಮಗೆ ಮನೆಯಲ್ಲಿ ಕಲಿಸಿದ ಮರ್ಯಾದೆ. ಆಫೀಸಿನಲ್ಲಿ ಅರ್ಥವಾಗದೆ ತಲೆಯಾಡಿಸಿದರೆ, ಅರ್ಥವಾಯಿತು ಎಂದೇ ಅವರು ನಂಬಿ ಹೋಗುತ್ತಾರೆ. ಕೆಲಸ ಹೇಳಿದ ಮೇಲೆ ನಿಮ್ಮ ಮಾತಿನಲ್ಲಿ ಅದನ್ನು ವಾಪಸ್ ಹೇಳಿ. 'ಅಂದರೆ ನಾನು ಮೂರು ಡಿಪೋಗಳದ್ದು ಮಾತ್ರ ನೋಡಬೇಕು, ಗುರುವಾರ ಮಧ್ಯಾಹ್ನದೊಳಗೆ ನಿಮಗೆ ಕಳಿಸಬೇಕು, ಸರಿನಾ?' ಎಂದರೆ ಸಾಕು. ತಪ್ಪು ತಿಳಿದಿದ್ದರೆ ಅಲ್ಲೇ ಸರಿಯಾಗುತ್ತದೆ.

ತಡವಾಗುವ ಸುಳಿವು ಸಿಕ್ಕ ಕೂಡಲೇ ತಿಳಿಸಿ, ಗಡುವು ಮುಗಿಯುವವರೆಗೆ ಕಾಯಬೇಡಿ. ಸಾರಿ ಕೇಳುವುದಕ್ಕಿಂತ ಹೊಸ ಸಮಯ ಹೇಳುವುದು ಮುಖ್ಯ. 'ಇವತ್ತು ಸಂಜೆ ಕೊಡುತ್ತೇನೆ ಎಂದಿದ್ದೆ. ಹುಬ್ಬಳ್ಳಿಯ ಡೇಟಾ ಇನ್ನೂ ಬಂದಿಲ್ಲ. ಉಳಿದ ಎರಡು ಈಗಲೇ ಕಳಿಸುತ್ತೇನೆ, ಇದನ್ನು ನಾಳೆ 11ರೊಳಗೆ' ಎಂದು ಮಧ್ಯಾಹ್ನವೇ ಹೇಳಿದವರ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಆರು ತಿಂಗಳಲ್ಲಿ ಒಬ್ಬ ಹೊಸಬರ ಬಗ್ಗೆ ನಂಬಿಕೆ ಹುಟ್ಟುವುದು ಇದರಿಂದಲೇ. ಕೆಲಸ ಎಷ್ಟು ಚೆನ್ನಾಗಿದೆ ಎಂಬ ಪ್ರಶ್ನೆ ಆಮೇಲೆ ಬರುತ್ತದೆ.

ನಿಮ್ಮ ಕೆಲಸ ಕೆಂಪು ಗೆರೆ ಹಾಕಿಸಿಕೊಂಡು ವಾಪಸ್ ಬಂದಾಗ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಪ್ಪತ್ತು ವರ್ಷ ಅನುಭವ ಇರುವವರ ಕೆಲಸಕ್ಕೂ ಇಲ್ಲಿ ಕಾಮೆಂಟ್ ಬರುತ್ತದೆ.

ಇಂಗ್ಲಿಷ್ ಭಯ

ಇದು ನಿಜವಾದ ಭಯ. ಚಿಕ್ಕದೆಂದು ತಳ್ಳಿಹಾಕುವುದಿಲ್ಲ. ಎಲ್ಲ ಗೊತ್ತಿದ್ದೂ ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂತು, ತಮ್ಮದೇ ಕೆಲಸವನ್ನು ಪಕ್ಕದವರು ವಿವರಿಸುವುದನ್ನು ಕೇಳಿಸಿಕೊಂಡವರು ಎಷ್ಟೋ ಮಂದಿ.

ಮೀಟಿಂಗ್‌ಗೆ ಹೋಗುವ ಮುಂಚೆ ಮೂರು ವಾಕ್ಯ ಬರೆದುಕೊಳ್ಳಿ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದೆ. ನೋಡಿಕೊಂಡೇ ಓದಿ, ತಪ್ಪೇನಿಲ್ಲ. ಸಾಧ್ಯವಾದರೆ ಮೊದಲ ಮೂವರೊಳಗೆ ಮಾತಾಡಿಬಿಡಿ. ನಿಮ್ಮ ಸರದಿಗೆ ಕಾಯುತ್ತಾ ಕೂತಷ್ಟೂ ಎದೆ ಹೊಡೆದುಕೊಳ್ಳುತ್ತದೆ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಟೀಮಿನಲ್ಲಿ ಚೆನ್ನಾಗಿ ಮೇಲ್ ಬರೆಯುವವರು ಒಬ್ಬರಾದರೂ ಇರುತ್ತಾರೆ. ಅವರ ಮೇಲ್‌ಗಳಿಂದ ಒಳ್ಳೆಯ ವಾಕ್ಯಗಳನ್ನು ನೋಟ್‌ಬುಕ್‌ಗೆ ಇಳಿಸಿಕೊಳ್ಳಿ, ನಿಮ್ಮ ಮೇಲ್‌ನಲ್ಲಿ ಬಳಸಿ. ಎರಡು ತಿಂಗಳಲ್ಲಿ ಅವು ನಿಮ್ಮವೇ ಆಗುತ್ತವೆ.

ವಿಷಯ ಅರ್ಥ ಮಾಡಿಕೊಳ್ಳಲು ಕನ್ನಡ ಬಲ್ಲ ಸೀನಿಯರ್ ಸಿಕ್ಕರೆ ಕನ್ನಡದಲ್ಲೇ ಕೇಳಿ. ಅರ್ಥವಾದ ವಿಷಯವನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಸುಲಭ. ಊಟದ ಟೇಬಲ್‌ನಲ್ಲಿ ಮಾತು ಪೂರ್ತಿ ಹಿಂದಿಗೆ ತಿರುಗಿದರೆ 'ನನಗೆ ಹಿಂದಿ ಬರಲ್ಲ, ಇಂಗ್ಲಿಷ್‌ನಲ್ಲಿ ಹೇಳ್ತೀರಾ' ಎಂದು ನಗುತ್ತಲೇ ಹೇಳಿ. ಬಹಳ ಜನ ಕೂಡಲೇ ಬದಲಾಯಿಸುತ್ತಾರೆ. ಹೊರಗಿನಿಂದ ಬಂದವರು ಕನ್ನಡ ಕಲಿಯಬೇಕು ಎಂದರೆ ದಿನಕ್ಕೊಂದು ವಾಕ್ಯ ಹೇಳಿಕೊಡಿ. ಅಲ್ಲಿಂದ ಸ್ನೇಹವೂ ಬೆಳೆಯುತ್ತದೆ.

ಸಂಬಳದ ಚೀಟಿ ಓದುವುದು

ವರ್ಷಕ್ಕೆ 4,20,000 ಸಿಟಿಸಿ ಎಂದರೆ ತಿಂಗಳಿಗೆ 35,000 ಬರುತ್ತದೆ ಎಂದು ಮನೆಯಲ್ಲಿ ಹೇಳಿಬಿಟ್ಟಿರುತ್ತೀರಿ. ಒಂದು ಮಾದರಿ ಲೆಕ್ಕ ನೋಡಿ. ಬೇಸಿಕ್ (ಮೂಲ ವೇತನ) ತಿಂಗಳಿಗೆ 17,500 ಎಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಅದರ ಶೇ 12, ಅಂದರೆ 2,100. ಗ್ರಾಚುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ) ಶೇ 4.81ರಂತೆ 842. ಆರೋಗ್ಯ ವಿಮೆಗೆ 558 ಎಂದಿಟ್ಟುಕೊಳ್ಳೋಣ. ಈ ಮೂರೂ ಸಿಟಿಸಿ ಒಳಗೇ ಇರುವುದರಿಂದ ನಿಮ್ಮ ಗ್ರಾಸ್ ಸಂಬಳ, ಅಂದರೆ ನಿಮ್ಮ ಪಾಲಿನ ಕಡಿತಗಳ ಮುಂಚಿನ ಸಂಬಳ, 31,500ಕ್ಕೆ ಇಳಿಯಿತು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,100 ಮತ್ತು ವೃತ್ತಿ ತೆರಿಗೆ 200 ಕಳೆಯಿರಿ. ಕೈಗೆ ಬರುವುದು 29,200. ವೇರಿಯಬಲ್ ಪೇ ಇದ್ದರೆ ಇನ್ನೂ ಕಡಿಮೆ.

ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ ಬೀಳುತ್ತದೆ. ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಸಂಬಳ 21,000ದೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ. ನಿಮ್ಮಿಂದ ಶೇ 0.75 ಹಿಡಿಯುತ್ತಾರೆ, ಆದರೆ ಚಿಕಿತ್ಸೆಯ ಸೌಲಭ್ಯ ದೊಡ್ಡದು, ಕಾರ್ಡ್ ಮಾಡಿಸಿಕೊಳ್ಳಿ. ಆದಾಯ ತೆರಿಗೆಯ ಚಿಂತೆ ಹೆಚ್ಚಿನವರಿಗೆ ಮೊದಲ ವರ್ಷ ಇರುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬರುವುದಿಲ್ಲ. ಯುಎಎನ್ ಎಂಬ 12 ಅಂಕಿಯ ಪಿಎಫ್ ನಂಬರನ್ನು ಬರೆದಿಟ್ಟುಕೊಳ್ಳಿ, ನಾಮಿನಿ ಹೆಸರು ಸೇರಿಸಿ, ಹಣ ಜಮೆ ಆಗುತ್ತಿದೆಯೇ ಎಂದು ಆಗಾಗ ಪಾಸ್‌ಬುಕ್ ನೋಡಿ. ಚೀಟಿಯಲ್ಲಿ ಹಿಡಿದು ಖಾತೆಗೆ ಕಟ್ಟದಿದ್ದರೆ ತಕ್ಷಣ ಕೇಳಬೇಕು.

ಮನೆಗೆ ಎಷ್ಟು ಕಳಿಸುವುದು ಎಂದು ಅಪ್ಪ ಅಮ್ಮನ ಜೊತೆ ಚೀಟಿ ಮುಂದಿಟ್ಟುಕೊಂಡು ಒಮ್ಮೆ ಮಾತಾಡಿ. ಅವರ ತಲೆಯಲ್ಲಿರುವುದು ಸಿಟಿಸಿ ಅಂಕಿ. ನಿಜವಾದ ಅಂಕಿ ಗೊತ್ತಾದರೆ ಅವರೇ ಲೆಕ್ಕ ಹೇಳುತ್ತಾರೆ. ಪ್ರತಿ ತಿಂಗಳು ಒಂದೇ ಮೊತ್ತ, ಸಂಬಳ ಬಂದ ದಿನವೇ ಕಳಿಸಿ. ಶಿಕ್ಷಣ ಸಾಲವಿದ್ದರೆ ಕಂತು ಯಾವ ತಿಂಗಳಿಂದ ಶುರು ಎಂದು ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ. ಮೊದಲ ಸಂಬಳ ಬಿದ್ದ ಕೂಡಲೇ ಕ್ರೆಡಿಟ್ ಕಾರ್ಡ್, ಲೋನ್ ಎಂದು ಫೋನ್ ಬರಲು ಶುರುವಾಗುತ್ತದೆ. ಮೂರು ತಿಂಗಳ ಖರ್ಚಿನಷ್ಟು ಹಣ ಕೂಡಿಡುವವರೆಗೆ ಎಲ್ಲಕ್ಕೂ ಬೇಡ ಎನ್ನಿ. ಆ್ಯಪ್‌ಗಳಲ್ಲಿ ಸಾಲ ತೆಗೆಯಲೇಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಸಂಜೆ, ಶನಿವಾರ, ರಜೆ

ಮೊದಲ ತಿಂಗಳು ರೂಮಿಗೆ ಬಂದ ಕೂಡಲೇ ನಿದ್ದೆ ಬರುತ್ತದೆ. ಕಾಲೇಜಿನ ಹಾಗೆ ಮಧ್ಯಾಹ್ನ ಎದ್ದು ಹೋಗಲು ಆಗದ ಜೀವನಕ್ಕೆ ದೇಹ ಹೊಂದಿಕೊಳ್ಳಬೇಕು. ತಿಂಡಿ ತಪ್ಪಿಸಬೇಡಿ. ಪಿಜಿ ತಿಂಡಿ ಹಿಡಿಸದಿದ್ದರೆ ಹತ್ತಿರದ ದರ್ಶಿನಿಯಲ್ಲಿ ನಿಂತು ಎರಡು ಇಡ್ಲಿ ತಿಂದು ಹೋಗಿ.

ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಪ್ರಕಾರ ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ ಸೇರುತ್ತದೆ. ನವೆಂಬರ್ 1ರ ರಾಜ್ಯೋತ್ಸವ ಸೇರಿ ವರ್ಷಕ್ಕೆ 10 ರಾಷ್ಟ್ರೀಯ ಮತ್ತು ಹಬ್ಬದ ರಜೆ ಇದೆ. ಯಾವುದೋ ವಾರ ರಿಲೀಸ್ ಇದೆ ಎಂದು ತಡವಾಗಿ ಕೂರುವುದು ಎಲ್ಲ ಕಡೆ ಇದೆ. ಪ್ರತಿ ರಾತ್ರಿ ಹನ್ನೊಂದಾಗುತ್ತಿದ್ದರೆ ಅದು ನಿಮ್ಮ ಸಾಮರ್ಥ್ಯದ ಪ್ರಶ್ನೆಯಲ್ಲ. ಮ್ಯಾನೇಜರ್ ಹತ್ತಿರ ಕೆಲಸದ ಪಟ್ಟಿ ಇಟ್ಟು 'ಇದರಲ್ಲಿ ಯಾವುದು ಮೊದಲು' ಎಂದು ಕೇಳಿ.

ಪ್ರತಿ ಶುಕ್ರವಾರ ರಾತ್ರಿ ಬ್ಯಾಗ್ ಹಾಕಿಕೊಂಡು ಮೆಜೆಸ್ಟಿಕ್‌ಗೆ ಓಡುವ ಆಸೆ ಆಗುತ್ತದೆ. ಹೋಗಿ, ಆದರೆ ಎರಡು ವಾರಕ್ಕೊಮ್ಮೆಯಾದರೂ ಇಲ್ಲೇ ಉಳಿಯಿರಿ. ಇಲ್ಲದಿದ್ದರೆ ಬೆಂಗಳೂರು ನಿಮಗೆ ಆಫೀಸ್ ಮತ್ತು ಪಿಜಿ ಮಾತ್ರವಾಗಿ ಉಳಿಯುತ್ತದೆ. ಬೆಳಗ್ಗೆ ಲಾಲ್‌ಬಾಗ್‌ಗೆ ಹೋಗಿ. ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ಕನ್ನಡ ನಾಟಕ ನೋಡಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಊರ ಜಾತ್ರೆಯ ನೆನಪಾಗುತ್ತದೆ. ಆಫೀಸಿನ ಹೊರಗೆ ಇಬ್ಬರಾದರೂ ಸ್ನೇಹಿತರು ಬೇಕು. ಆಫೀಸಿನ ಕೆಟ್ಟ ದಿನವನ್ನು ಹೇಳಿಕೊಳ್ಳಲು ಆಫೀಸಿನವರಲ್ಲದವರೇ ಒಳ್ಳೆಯದು.

ಭಾನುವಾರ ಸಂಜೆ ಹೊಟ್ಟೆಯಲ್ಲಿ ಸಂಕಟ, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು, ಇವು ವಾರಗಟ್ಟಲೆ ಮುಂದುವರಿದರೆ ಒಬ್ಬರೇ ನುಂಗಿಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಲೈಂಗಿಕವಾಗಿ ಕಿರುಕುಳ ಕೊಟ್ಟರೆ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನು 3 ತಿಂಗಳೊಳಗೆ ಲಿಖಿತವಾಗಿ ಕೊಡಿ. ಮೆಸೇಜ್‌ಗಳನ್ನು ಅಳಿಸಬೇಡಿ.

ಮೂರನೇ ತಿಂಗಳು, ಆರನೇ ತಿಂಗಳು

ಮೂರನೇ ತಿಂಗಳು ಮುಗಿಯುವಾಗ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಕೇಳಿ. 'ನಾನು ಹೇಗೆ ಮಾಡ್ತಿದ್ದೀನಿ' ಎಂದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಸಿಗುವುದಿಲ್ಲ. 'ಮುಂದಿನ ಮೂರು ತಿಂಗಳಲ್ಲಿ ನಾನು ಯಾವ ಒಂದು ವಿಷಯದಲ್ಲಿ ಸುಧಾರಿಸಬೇಕು' ಎಂದು ಕೇಳಿ. ಪ್ರತಿ ಶುಕ್ರವಾರ ಆ ವಾರ ಮುಗಿಸಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ನಿಮ್ಮ ಕೆಲಸ ಅಳೆಯುವ ಅಪ್ರೈಸಲ್ ಫಾರಂ ಬಂದಾಗ ಅದೇ ಕೈಹಿಡಿಯುತ್ತದೆ.

ಪ್ರೊಬೇಷನ್ ಮುಗಿದರೆ ಕನ್ಫರ್ಮೇಷನ್ ಲೆಟರ್ ಕೇಳಿ ಪಡೆಯಿರಿ. ತಾನಾಗೇ ಬರುತ್ತದೆ ಎಂದು ಕೂರಬೇಡಿ.

ಕೆಲಸ ಹಿಡಿಸುತ್ತಿಲ್ಲ ಎಂದು ಮೂರನೇ ತಿಂಗಳಿಗೇ ಬಿಡುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಕೆಲಸ ಹಿಡಿಸುತ್ತಿಲ್ಲವೋ, ಹೊಸತನ ಕಾಡುತ್ತಿದೆಯೋ ಎಂದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಸಂಬಳ ಸರಿಯಾಗಿ ಬಾರದಿದ್ದರೆ, ಸರ್ಟಿಫಿಕೇಟ್ ಹಿಡಿದಿಟ್ಟುಕೊಂಡರೆ, ಕಿರುಕುಳ ಇದ್ದರೆ ಮಾತ್ರ ಈ ಮಾತು ಮರೆತು ಹೊರಡಿ. ಬಿಡುವಾಗ ಹೇಳದೆ ಕೇಳದೆ ನಿಲ್ಲಿಸಬೇಡಿ. ರಾಜೀನಾಮೆಯನ್ನು ಮೇಲ್‌ನಲ್ಲಿ ಕೊಟ್ಟು, ರಿಲೀವಿಂಗ್ ಲೆಟರ್ ಮತ್ತು ಎಲ್ಲ ತಿಂಗಳ ಸಂಬಳದ ಚೀಟಿಗಳನ್ನು ನಿಮ್ಮ ಸ್ವಂತ ಮೇಲ್‌ಗೆ ತರಿಸಿಕೊಳ್ಳಿ. ಆಫೀಸ್ ಮೇಲ್ ಕೊನೆಯ ದಿನವೇ ಬಂದ್ ಆಗುತ್ತದೆ. ಪಿಎಫ್ ಹಣವನ್ನು ಸಣ್ಣ ಮೊತ್ತವೆಂದು ತೆಗೆದು ಖರ್ಚು ಮಾಡದೆ, ಅದೇ ಯುಎಎನ್ ಕೊಟ್ಟು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಿ. ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯ ಲೆಕ್ಕಕ್ಕೆ ಈ ಮೊದಲ ಕೆಲಸದ ತಿಂಗಳುಗಳೂ ಸೇರುತ್ತವೆ.